ದುಬೈಗೆ ಹೋದವನ ಲಾಗಿನ್

ಎಂಟು ತಿಂಗಳು ನಾನು ಗಂಡಸಾಗಿದ್ದೆ. ಗೋವೆಯ ಫಾತೋರ್ಡಾದಲ್ಲಿರುವ ನಮ್ಮ ಆಫೀಸಿನ ಕಂಪ್ಯೂಟರುಗಳ ಮಟ್ಟಿಗಂತೂ ಹೌದು. ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿ ಎಳೆದುಕೊಂಡು ಕೂತು, ದುಬೈಗೆ ಹೋದ ಒಬ್ಬ ಮಹಾನುಭಾವನ ಹೆಸರು ಟೈಪ್ ಮಾಡಿ, ಅವನ ಪಾಸ್‌ವರ್ಡ್ ಹಾಕಿ ಒಳಗೆ ಹೋಗುತ್ತಿದ್ದೆ. ಸಂಜೆ ಅವನಾಗಿಯೇ ಹೊರಗೆ ಬರುತ್ತಿದ್ದೆ. ಪುಣೆಯ ಹೆಡ್ ಆಫೀಸಿನ ಮೇಲ್‌ಗಳು ‘ಡಿಯರ್ ಸರ್’ ಎಂದು ಶುರುವಾಗುತ್ತಿದ್ದವು, ನಾನೂ ಸರ್‌ಗೆ ತಕ್ಕ ಗಾಂಭೀರ್ಯದಿಂದ ಉತ್ತರ ಬರೆಯುತ್ತಿದ್ದೆ. ಅವನ ಹುಟ್ಟುಹಬ್ಬಕ್ಕೆ ಬಂದ ಶುಭಾಶಯಗಳಿಗೆಲ್ಲ ಥ್ಯಾಂಕ್ಸ್ ಹೇಳಿದವಳೂ ನಾನೇ. ಕೇಕ್ ಮಾತ್ರ ಯಾರೂ ಕಳಿಸಲಿಲ್ಲ.

ನಮ್ಮದು ಗೋದಾಮುಗಳಿಗೆ ಬರುವ ಲಾರಿಗಳ ಗೇಟ್ ಪಾಸ್ ನೋಡಿಕೊಳ್ಳುವ ಕಂಪನಿ. ಲಾರಿ ಒಳಗೆ ಬಂದರೆ ಒಂದು ತೂಕ, ಮಾಲು ತುಂಬಿದ ಮೇಲೆ ಇನ್ನೊಂದು ತೂಕ, ಆಮೇಲೆ ಹೊರಗೆ ಬಿಡುವ ಚೀಟಿ. ಇದೆಲ್ಲ ನಮ್ಮ ಸರ್ವರುಗಳಲ್ಲಿ ಓಡುವ ಒಂದು ದೊಡ್ಡ, ಹಳೆಯ, ಮಹಾ ಸೋಮಾರಿ ಪ್ರೋಗ್ರಾಮಿನಿಂದ ಆಗಬೇಕು. ಅದನ್ನು ಸಂಭಾಳಿಸುತ್ತಿದ್ದವನು ಒಂದು ದಿನ ದುಬೈಗೆ ಹಾರಿದ. ನಾನು ಆಗ ಹೆಲ್ಪ್ ಡೆಸ್ಕಿನಲ್ಲಿದ್ದೆ. ಹೆಲ್ಪ್ ಡೆಸ್ಕ್ ಅಂತ ಹೆಸರು ದೊಡ್ಡದು, ಕೆಲಸವೆಲ್ಲ ಪ್ರಿಂಟರ್. ಕಾಗದ ಸಿಕ್ಕಿಕೊಂಡರೆ ಎಳೆಯುವುದು, ಶಾಯಿ ಚೆಲ್ಲಿದರೆ ಒರೆಸುವುದು. ‘ಪ್ರಿಂಟರ್ ಮೇಡಂ’ ಎಂದರೆ ನಾನೇ. ಹೀಗೆ ಕರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಮ್ಮ ಮ್ಯಾನೇಜರರು ಇಲ್ಲಿಯವರೇ, ಗೋವೆಯವರು. ಒಳ್ಳೆಯ ಮನುಷ್ಯ. ಆದರೆ ಅವರ ಎರಡು ಕೊಂಕಣಿ ಮಾತುಗಳು ನನ್ನ ಅರ್ಧ ಆಯುಷ್ಯ ತಿಂದಿವೆ. ನಾವು ಮಾಡಬೇಕಾದ ಕೆಲಸವಾದರೆ ಅವರು ‘ಜಾಲೆಂ?’ ಎಂದು ಕೇಳುತ್ತಾರೆ, ಅಂದರೆ ‘ಆಯಿತಾ?’ ಅವರು ಮಾಡಬೇಕಾದ ಕೆಲಸವಾದರೆ ‘ಫಾಲ್ಯಾಂ’ ಎನ್ನುತ್ತಾರೆ, ಅಂದರೆ ‘ನಾಳೆ.’ ಈ ಎರಡರ ನಡುವೆ ಅವರು ಊಟ ಮಾಡುತ್ತಾರೆ.

ಹಳೆಯ ಸರ್ವರುಗಳನ್ನೆಲ್ಲ ಕಂಟೇನರುಗಳೊಳಗೆ ಹಾಕಿ, ಅವನ್ನೆಲ್ಲ ಕ್ಲಸ್ಟರ್ ಎಂಬ ಒಂದು ಮೇಲ್ವಿಚಾರಕ ವ್ಯವಸ್ಥೆಯ ಕೈಗೆ ಕೊಡಬೇಕೆಂದು ಪುಣೆಯಿಂದ ಹುಕುಂ ಬಂತು. ಮ್ಯಾನೇಜರರು ನನ್ನನ್ನು ಕರೆದರು. “ನೀನೇ ಮಾಡು. ನೆಟ್ಟಗೆ ನಡೆದರೆ ನಿನ್ನನ್ನು ಸರ್ವರ್ ವಿಭಾಗಕ್ಕೆ ಹಾಕುತ್ತೇನೆ, ನಿನ್ನದೇ ಹೆಸರಿನಲ್ಲಿ ಲಾಗಿನ್. ನಡೆಯದಿದ್ದರೆ ಪುಣೆಯವರು ಬಂದು ಮಾಡುತ್ತಾರೆ, ನೀನು ಪ್ರಿಂಟರಿಗೆ ವಾಪಸ್” ಎಂದರು. “ಅಲ್ಲಿಯವರೆಗೆ ಯಾವ ಲಾಗಿನ್ ಸರ್?” ಎಂದು ಕೇಳಿದೆ. ಹಳಬ ದುಬೈಗೆ ಹೋದದ್ದನ್ನು ಅವರು ಪುಣೆಗೆ ಇನ್ನೂ ತಿಳಿಸಿಯೇ ಇರಲಿಲ್ಲ. ಒಂದು ಚೀಟಿ ಕೊಟ್ಟರು. ಅದರಲ್ಲಿ ದುಬೈಯವನ ಹೆಸರು, ಪಾಸ್‌ವರ್ಡ್. “ಮತ್ತೆ ನನ್ನದು?” ಎಂದೆ. “ಫಾಲ್ಯಾಂ” ಎಂದರು.

ಸಡಾದ ಗುಡ್ಡದ ಮೇಲೆ ನಮ್ಮ ಮನೆ. ಬಾಗಿಲಲ್ಲಿ ನಿಂತರೆ ಕೆಳಗೆ ಬಂದರು, ಹಡಗು, ಸಾಲು ಸಾಲು ಕಬ್ಬಿಣದ ಪೆಟ್ಟಿಗೆಗಳು. ಇಂಥ ಮನೆಯಲ್ಲಿ ಕೂತು ಅವ್ವನಿಗೆ ನನ್ನ ಹೊಸ ಕೆಲಸ ವಿವರಿಸಹೊರಟದ್ದು ನನ್ನದೇ ತಪ್ಪು.

“ಎಷ್ಟ ಕಂಟೇನರ್ ಅದಾವ?” ಎಂದಳು ಅವ್ವ, ರೊಟ್ಟಿ ತಟ್ಟುತ್ತ.

“ಸದ್ಯಕ್ಕ ಮೂರು.”

“ಮೂರಕ್ಕ ಇಷ್ಟ ದಿನ ಬೇಕೇನವಾ? ಕ್ರೇನಿನಾಂವ ಬೀಡಿ ಸೇದಿ ಮುಗಸೂದ್ರಾಗ ಮೂರು ಇಳಿಸಿಬಿಡ್ತಾನ.”

“ಅವು ಕಬ್ಬಣದ್ದಲ್ಲಬೇ. ಕಣ್ಣಿಗೆ ಕಾಣಂಗಿಲ್ಲ. ಕಂಪ್ಯೂಟರಿನ್ಯಾಗ ಇರ್ತಾವು. ಒಂದೊಂದರಾಗ ಒಂದೊಂದು ಸರ್ವರ್ ಕುಂತಿರ್ತೈತಿ.”

ಅವ್ವ ರೊಟ್ಟಿ ಮಗುಚುವುದನ್ನೂ ಬಿಟ್ಟು ನನ್ನ ಮುಖ ನೋಡಿದಳು. “ಕಣ್ಣಿಗೆ ಕಾಣಲಾರದ ಡಬ್ಬಿ ಕಾಯಾಕ ನಿನ್ನ ಎರಡು ಬಸ್ ಹತ್ತಿಸಿ ಫಾತೋರ್ಡಾಕ ಕರಸ್ತಾರು?” ಎಂದಳು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡು, “ಇರಲಿ ಬಿಡ, ಬಿದ್ರೂ ಯಾರ ಕಾಲೂ ಮುರಿಯಂಗಿಲ್ಲ” ಎಂದಳು.

ಅವ್ವನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಕೆಳಗೆ ಬಂದರಿನ ರಸ್ತೆಯಲ್ಲಿ ಒಬ್ಬ ಗುತ್ತಿಗೆದಾರನ ಗೊಬ್ಬರದ ಗೋದಾಮಿತ್ತು, ಈಗಿಲ್ಲ. ಅಲ್ಲಿ ಅವಳು ಹರಿದ ಚೀಲ ಹೊಲಿಯುತ್ತಿದ್ದಳು. ಅಸಲಿಗೆ ಆ ಕೆಲಸ ಅವಳದಲ್ಲ. ಗದಗ ಕಡೆಯ ಒಬ್ಬಳು ಹೆರಿಗೆಗೆ ಊರಿಗೆ ಹೊರಟಾಗ, “ಮೂರು ತಿಂಗಳು ನನ್ನ ಬದಲಿ ನಿಂದ್ರವಾ” ಎಂದು ತನ್ನ ಹಿತ್ತಾಳೆ ಬಿಲ್ಲೆಯನ್ನು ಅವ್ವನ ಕೈಗೆ ಕೊಟ್ಟು ಹೋದಳು. ಹೋದವಳು ತಿರುಗಿ ಬರಲಿಲ್ಲ. ಹನ್ನೊಂದು ವರ್ಷ ಅವ್ವ ಆ ಬಿಲ್ಲೆ ಕೊರಳಿಗೆ ಹಾಕಿಕೊಂಡು, ಕೂಲಿಗಳ ಮೇಸ್ತ್ರಿ ಮುಕಾದಮ ಬೆಳಿಗ್ಗೆ ಆಕೆಯ ಹೆಸರು ಕೂಗಿದಾಗ ‘ಹಾಜರ್’ ಎಂದಳು. ಮುಕಾದಮನಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು, ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿರಲಿಲ್ಲ. ಕಡೆಕಡೆಗೆ ನಮ್ಮ ಓಣಿಯವರೂ ಅವ್ವನನ್ನು ಆ ಹೆಸರಿನಿಂದಲೇ ಕರೆಯತೊಡಗಿದರು. ಒಂದು ಸಲ ರೇಷನ್ ಅಂಗಡಿಯಲ್ಲಿ ತನ್ನ ಖರೇ ಹೆಸರು ಕೂಗಿದಾಗ ಅವ್ವ ಪಕ್ಕದವಳನ್ನು ತಿವಿದು, “ನಿನ್ನ ಕರಿಯಾಕತ್ತಾರ ನೋಡ, ಕಿವಿ ಕೇಳಂಗಿಲ್ಲೇನು?” ಎಂದು ಬೈದಿದ್ದಳು.

ಅವ್ವ ಓದಿದವಳಲ್ಲ. ಆದರೆ ನನ್ನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಅವಳಿಗೆ ಗೊತ್ತು. ನಾನು ಒಂದನೇ ತರಗತಿಗೆ ಸೇರಿದಾಗ ಎಲ್ಲ ಮಕ್ಕಳ ಪಾಟಿಚೀಲಗಳೂ ಒಂದೇ ಥರ ಇದ್ದವು. ಕಳೆದುಹೋಗಬಾರದೆಂದು ಟೀಚರ್ ಒಂದು ಚೀಟಿಯಲ್ಲಿ ಆ ಅಕ್ಷರ ಬರೆದುಕೊಟ್ಟರು. ಅವ್ವ ಅದನ್ನು ಗೋದಾಮಿನ ದಬ್ಬಣದಿಂದ, ಗೋದಾಮಿನದೇ ಸುತಳಿಯಿಂದ ನನ್ನ ಚೀಲದ ಮೇಲೆ ಗೇಣುದ್ದ ಹೊಲಿದಳು. ಹಾವು ಹೆಡೆ ಎತ್ತಿದಂತಿತ್ತು. ನಾಲ್ಕು ವರ್ಷ ಆ ಹಾವನ್ನು ಬೆನ್ನಿಗೆ ಹೊತ್ತು ಶಾಲೆಗೆ ಹೋದೆ. ನಾಚಿಕೆಯಿಂದ ಸಾಯುತ್ತಿದ್ದೆ. ಚೀಲವಂತೂ ಒಂದು ದಿನವೂ ಕಳೆಯಲಿಲ್ಲ.

ಈಗ ಕ್ಲಸ್ಟರಿಗೆ ಬರೋಣ. ಅದರ ಕೆಲಸ ಇಷ್ಟೇ. ‘ನನಗೆ ಮೂರು ಸರ್ವರ್ ಬೇಕು’ ಎಂದು ಬರೆದಿಟ್ಟರೆ ಅದು ಮೂರನ್ನು ಎಬ್ಬಿಸಿ ನಿಲ್ಲಿಸುತ್ತದೆ. ಹತ್ತು ಹತ್ತು ಸೆಕೆಂಡಿಗೆ ‘ಇದ್ದೀಯಾ?’ ಎಂದು ಹಾಜರಿ ಕೂಗುತ್ತದೆ. ಉತ್ತರ ಬರದಿದ್ದರೆ ಆ ಸರ್ವರನ್ನು ಕೊಂದು ಹೊಸದೊಂದನ್ನು ನಿಲ್ಲಿಸುತ್ತದೆ. ಓದಿದಾಗ ಎಷ್ಟು ಚೆಂದವೆನಿಸಿತ್ತು! ದುಬೈಯವನು ಬಿಟ್ಟುಹೋಗಿದ್ದ ಟಿಪ್ಪಣಿಗಳಿಂದ ಬೇಕಾದ್ದನ್ನೆಲ್ಲ ನಕಲು ಮಾಡಿ, ಮನಸ್ಸಿನಲ್ಲೇ ಗಣಪ್ಪನಿಗೆ ಕೈಮುಗಿದು ಗುಂಡಿ ಒತ್ತಿದೆ.

ಸರ್ವರ್ ಏಳಲಿಲ್ಲ. ಏಳುತ್ತಿತ್ತು, ಅಷ್ಟರಲ್ಲಿ ಸಾಯುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಸಾಯುತ್ತಿತ್ತು. ಮೂರು ದಿನ ಇದೇ ಸೂತಕ. ತಲೆ ಕೆಟ್ಟುಹೋಯಿತು. ಕೊನೆಗೆ ಗೊತ್ತಾಯಿತು: ನಮ್ಮ ಹಳೆಯ ಪ್ರೋಗ್ರಾಮಿಗೆ ಕಣ್ಣುಬಿಡಲು ನಾಲ್ಕು ನಿಮಿಷ ಬೇಕು. ಕ್ಲಸ್ಟರ್ ಒಂದೇ ಒಂದು ನಿಮಿಷ ಹಾಜರಿ ಕೂಗಿ ನೋಡಿ, ಉತ್ತರವಿಲ್ಲವೆಂದು ಕತ್ತು ಹಿಸುಕುತ್ತಿತ್ತು. ಪಾಪದ್ದು ಎದ್ದು ಕೂತು ಆಕಳಿಸುವಷ್ಟರಲ್ಲಿ ಕಥೆ ಮುಗಿಯುತ್ತಿತ್ತು. ಐದು ನಿಮಿಷ ಬಿಟ್ಟು ಹಾಜರಿ ಕೂಗು ಎಂದು ಬರೆದ ಮೇಲೆ ಮೂರೂ ಎದ್ದು ನಿಂತವು.

ಮನೆಯಲ್ಲಿ ಹೇಳಿದರೆ ಅವ್ವ ಬಿದ್ದು ಬಿದ್ದು ನಕ್ಕಳು. “ನಿನ್ನ ಸಾಲಿಗೆ ಎಬ್ಬಸುಮುಂದ ನನಗ ಈ ಉಪಾಯ ಹೊಳಿಲಿಲ್ಲ ನೋಡ. ನಿನ್ನಂಥಾವು ಎಷ್ಟ ಬದಲಿ ಬರ್ತಿದ್ವು!” ಎಂದಳು.

ಗುರುವಾರ ಒಂದು ಗೋದಾಮಿನ ಗೇಟಿನಲ್ಲಿ ಪರೀಕ್ಷೆ. ನಾನೂ ಮ್ಯಾನೇಜರರೂ ಗೇಟಿನ ಕ್ಯಾಬಿನ್ನಿನಲ್ಲಿ ಕೂತಿದ್ದೆವು. ಬೆಳಿಗ್ಗೆಯೆಲ್ಲ ಸುಸೂತ್ರ. ಮ್ಯಾನೇಜರರು ‘ಜಾಲೆಂ?’ ಎಂದರು, ನಾನು ಜಂಬದಿಂದ ‘ಜಾಲೆಂ’ ಎಂದೆ. ಆ ಕ್ಷಣಕ್ಕೇ ಒಂದು ಸರ್ವರ್ ಸತ್ತಿತು. ಹೆದರಲಿಲ್ಲ ನಾನು. ಕ್ಲಸ್ಟರ್ ತಕ್ಷಣ ಹೊಸದನ್ನು ಎಬ್ಬಿಸಿತು. ಅದರ ಹೆಸರಿನ ಕೊನೆಯಲ್ಲಿ ಯಾವುದೋ ಅಡ್ಡಾದಿಡ್ಡಿ ಅಕ್ಷರಗಳ ಬಾಲವಿತ್ತು, ಹಳೆಯದಕ್ಕಿಂತ ಬೇರೆ ಬಾಲ. ಬಾಲ ಯಾವುದಾದರೇನು, ಮೂರು ಇವೆಯಲ್ಲ ಎಂದುಕೊಂಡೆ.

ಸತ್ತ ಸರ್ವರಿನ ಕೈಯಲ್ಲಿ ಅರ್ಧ ಮುಗಿದ ಏಳು ಲಾರಿಗಳ ಕೆಲಸವಿತ್ತು. ತೂಕವಾಗಿತ್ತು, ಚೀಟಿ ಆಗಿರಲಿಲ್ಲ. ಹೊಸ ಸರ್ವರಿಗೆ ಅವುಗಳ ತಲೆಬುಡ ಗೊತ್ತಿಲ್ಲ. ಹೊಸದಾಗಿ ತೂಕ ಮಾಡೋಣವೆಂದರೆ ‘ಈ ಲಾರಿ ಈಗಾಗಲೇ ಒಳಗಿದೆ’ ಎಂದಿತು. ಹೊರಗೆ ಬಿಡೋಣವೆಂದರೆ ‘ಈ ಲಾರಿ ಇನ್ನೂ ಒಳಗೇ ಬಂದಿಲ್ಲ’ ಎಂದಿತು. ಏಳು ಲಾರಿಗಳ ಹಾರ್ನ್ ಒಟ್ಟಿಗೆ ಶುರುವಾಯಿತು. ಹುಬ್ಬಳ್ಳಿಯ ಒಬ್ಬ ಡ್ರೈವರ್ ಇಳಿದು ಬಂದು ಕಿಟಕಿಗೆ ಮುಖ ಹಚ್ಚಿದ.

“ಮೇಡಂ, ಸಿಟ್ಟಾಗಬ್ಯಾಡ್ರಿ. ನಾ ಒಳಗ ಅದೇನೋ, ಹೊರಗ ಅದೇನೋ, ಅಷ್ಟ ಹೇಳ್ರಿ. ಮನಿಗೆ ಫೋನ್ ಮಾಡಿ ತಿಳಸ್ತೇನಿ.”

“ಸ್ವಲ್ಪ ತಡೀರಿ” ಎಂದೆ.

“ತಡಿತೇನ್ರಿ. ಆದ್ರ ಎಲ್ಲಿ ನಿಂತು ತಡೀಲಿ? ಒಳಗೋ, ಹೊರಗೋ?”

ಸಂಜೆ ಕೈಬರಹದ ಚೀಟಿ ಕೊಟ್ಟು ಲಾರಿಗಳನ್ನು ಬಿಟ್ಟೆವು. ಪುಣೆಯಿಂದ ಮೇಲ್ ಬಂತು, ‘ಡಿಯರ್ ಸರ್’ ಅಂತಲೇ. ಸೋಮವಾರ ತಾವೂ ಫೋನಿನಲ್ಲಿ ಕೂತು ನೋಡುತ್ತಾರಂತೆ. ಮತ್ತೆ ಒಂದು ಲಾರಿ ಸಿಕ್ಕಿಕೊಂಡರೂ ಕೆಲಸ ಅವರು ತೆಗೆದುಕೊಳ್ಳುತ್ತಾರಂತೆ. ಮ್ಯಾನೇಜರರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಹಳ ಮೃದುವಾಗಿ, “ಮೂರನೇ ಮಹಡಿಯ ಪ್ರಿಂಟರ್ ಕಾಗದ ಕಚ್ಚುತ್ತಿದೆಯಂತೆ” ಎಂದರು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ. ಕಂಡಕ್ಟರ್ ಟಿಕೆಟ್ ಕೇಳುವುದನ್ನೂ ಬಿಟ್ಟು ಮುಂದೆ ಹೋದ.

ಭಾನುವಾರ ಮಧ್ಯಾಹ್ನ ಅವ್ವ ಬಾಂಗಡೆ ಹೆಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಗೋಡೆ ನೋಡುತ್ತಿದ್ದೆ.

“ಏನಾಗೇತಿ, ಬಾಯಿ ಬಿಟ್ಟು ಹೇಳ್ತಿಯೋ ಇಲ್ಲೋ?” ಎಂದಳು.

ಹೇಳಿದೆ. ಒಂದು ಸರ್ವರ್ ಸಾಯುತ್ತದೆ, ಬದಲಿ ಬರುತ್ತದೆ, ಬಂದದ್ದಕ್ಕೆ ಸತ್ತದ್ದರ ಅರ್ಧ ಕೆಲಸ ಗೊತ್ತಿಲ್ಲ ಎಂದೆ.

ಅವ್ವ ಕತ್ತಿ ಕೆಳಗಿಟ್ಟಳು. “ಬದಲಿ ಬಂದಿದ್ದು ಏನಂತ ಹೆಸರ ಹೇಳ್ತೈತಿ?”

“ತನ್ನದೊಂದು ಹೊಸಾ ಹೆಸರು.”

“ಹುಚ್ಚಿ! ಬದಲಿ ಬಂದಾಕಿ ತನ್ನ ಹೆಸರ ಹೇಳಿದ್ರ ಮುಕಾದಮ ಒಳಗ ಬಿಡ್ತಿದ್ನೇನು? ನಾ ಹೋದ ಮೊದಲನೇ ದಿನ ನನ್ನ ಹೆಸರ ಹೇಳಿಬಿಟ್ಟೆ. ಅಂವ ಏನಂದಾ ಗೊತ್ತೇನು? ‘ಆ ಹೆಸರಿನಾಕಿ ಇಲ್ಲಿ ಯಾರೂ ಇಲ್ಲ, ನಡಿ’ ಅಂದ. ಆಮ್ಯಾಗ ಬಿಲ್ಲೆ ತೋರಿಸಿ ಆಕಿ ಹೆಸರ ಹೇಳಿದೆ. ಆಕಿ ಕುಂದರೂ ಜಾಗದಾಗ ಕುಂತೆ. ಆಕಿ ದಬ್ಬಣ ತಗೊಂಡೆ. ಆಕಿ ಅರ್ಧಾ ಹೊಲದಿಟ್ಟ ಚೀಲ ಅಲ್ಲೇ ಇತ್ತು, ದಾರ ಸೈತ ಹಂಗ ಜೋತಾಡತಿತ್ತು. ಅಲ್ಲಿಂದ ಮುಂದ ಹೊಲದೆ. ಮೈ ಅಷ್ಟ ನಂದು, ಉಳದಿದ್ದೆಲ್ಲಾ ಆಕಿದು.”

ನಾನು ಕಣ್ಣು ಕಣ್ಣು ಬಿಟ್ಟೆ. ಕ್ಲಸ್ಟರಿನಲ್ಲಿ ಸರ್ವರುಗಳನ್ನು ನಿಲ್ಲಿಸಲು ಎರಡು ರೀತಿಗಳಿವೆ. ಒಂದರಲ್ಲಿ ಯಾರು ಬೇಕಾದರೂ ಯಾವ ಹೆಸರಿನಲ್ಲಾದರೂ ಬರಬಹುದು, ಬರಿಗೈಯಲ್ಲಿ ಬಂದು ಬರಿಗೈಯಲ್ಲಿ ಸಾಯಬಹುದು. ಇನ್ನೊಂದರಲ್ಲಿ ಹೆಸರು ಗಟ್ಟಿ: ಸೊನ್ನೆ, ಒಂದು, ಎರಡು. ಒಂದನೆಯದು ಸತ್ತರೆ ಬದಲಿ ಬಂದದ್ದೂ ‘ಒಂದು’ ಎಂದೇ ಹಾಜರಿ ಹೇಳಬೇಕು, ಹಳೆಯ ‘ಒಂದು’ ತನ್ನ ಸಾಮಾನು ಇಟ್ಟ ಜಾಗವನ್ನೇ ತೆರೆಯಬೇಕು, ಅದು ಬಿಟ್ಟ ಅರ್ಧ ಕೆಲಸ ಮುಗಿಸಬೇಕು. ಈ ಎರಡನೆಯ ರೀತಿಯ ಬಗ್ಗೆ ಓದಿದ್ದೆ. ದುಬೈಯವನ ಟಿಪ್ಪಣಿಯಲ್ಲಿ ಇರಲಿಲ್ಲವಾದ್ದರಿಂದ ನಮಗಲ್ಲವೆಂದು ಪುಟ ತಿರುವಿದ್ದೆ. ಹನ್ನೊಂದು ವರ್ಷ ಬದಲಿ ನಿಂತವಳ ಹೊಟ್ಟೆಯಲ್ಲಿ ಹುಟ್ಟಿ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ಹಣೆ ಹಣೆ ಚಚ್ಚಿಕೊಂಡೆ.

“ಯವ್ವಾ, ನೀ ಶಾಣ್ಯಾಕಿ!” ಎಂದು ಅವಳನ್ನು ತಬ್ಬಿಕೊಳ್ಳಹೋದೆ. “ದೂರ ಸರಿ, ಕೈಯೆಲ್ಲಾ ಮೀನೈತಿ” ಎಂದಳು. ಸಾರು ಕುದಿಯುವಷ್ಟರಲ್ಲಿ ಎಲ್ಲ ಹೊಸದಾಗಿ ಬರೆದೆ. ಪರೀಕ್ಷೆಗೆಂದು ‘ಒಂದು’ ಎಂಬುದನ್ನು ನಾನೇ ಕೊಂದೆ. ಐದು ನಿಮಿಷಕ್ಕೆ ಹೊಸ ‘ಒಂದು’ ಎದ್ದು ಬಂದು, ಹಳೆಯದು ಬಿಟ್ಟ ಕೆಲಸಕ್ಕೆ ಕೈ ಹಾಕಿತು. ಆ ದಿನದ ಬಾಂಗಡೆ ಸಾರಿನಷ್ಟು ರುಚಿಯಾದ ಊಟ ನಾನು ಮತ್ತೆ ಮಾಡಿಲ್ಲ.

ಸೋಮವಾರ ಪುಣೆಯವರು ಫೋನಿನಲ್ಲಿ ಕೂತರು. ಲಾರಿಗಳು ಸಾಲುಗಟ್ಟಿದವು. ನಟ್ಟನಡುವೆ ನಾನೇ ಒಂದು ಸರ್ವರ್ ಕೊಂದೆ. ಮ್ಯಾನೇಜರರು ಕಣ್ಣು ಮುಚ್ಚಿಕೊಂಡರು. ಬದಲಿ ಬಂತು, ಹಳೆಯ ಹೆಸರು ಹೇಳಿತು, ಒಂದೂ ಲಾರಿ ಸಿಕ್ಕಿಕೊಳ್ಳಲಿಲ್ಲ. ಅದೇ ಹುಬ್ಬಳ್ಳಿಯ ಡ್ರೈವರ್ ಚೀಟಿ ಹಿಡಿದು, “ಇವತ್ತ ನಾ ಖರೇನ ಹೊರಗ ಅದೇನ್ರಿ!” ಎಂದು ಕೈಯೆತ್ತಿ ಹೋದ.

ಫೋನಿನಿಂದ ಪುಣೆಯ ದೊಡ್ಡವರ ದನಿ ಕೇಳಿತು. ಯಾರು ಮಾಡಿದ್ದೆಂದು ದಾಖಲೆ ತೆಗೆದು ನೋಡಿದ್ದರು. ದುಬೈಯವನ ಹೆಸರು ಹಿಡಿದು, “ಶಾಬಾಶ್! ಇಂಥವರು ನಮ್ಮಲ್ಲಿರುವುದು ನಮ್ಮ ಪುಣ್ಯ” ಎಂದರು. ಮ್ಯಾನೇಜರರು ಫೋನನ್ನು ನನ್ನ ಕಡೆ ಸರಿಸಿದರು. ನಾನು “ಥ್ಯಾಂಕ್ಯೂ ಸರ್” ಎಂದೆ. ಅಭ್ಯಾಸಬಲ. “ದನಿ ಯಾಕೆ ಹೀಗಾಗಿದೆ, ನೆಗಡಿಯಾ?” ಎಂದು ಪುಣೆ ಕೇಳಿತು.

ಕರೆ ಮುಗಿದ ಮೇಲೆ, “ನನ್ನ ಲಾಗಿನ್ ಸರ್?” ಎಂದೆ. “ಫಾಲ್ಯಾಂ” ಎಂದರು. ಆ ಫಾಲ್ಯಾಂ ಹದಿನೈದು ದಿನವಾಯಿತು. ಆಮೇಲೆ ಲಾಗಿನ್ ಬದಲು ಕೊರಿಯರಿನಲ್ಲಿ ಒಂದು ಗಾಜಿನ ಚೌಕಟ್ಟು ಬಂತು, ವರ್ಷದ ಅತ್ಯುತ್ತಮ ಕೆಲಸಗಾರನ ಪ್ರಶಸ್ತಿಪತ್ರ. ಅವನ ಹೆಸರಿನಲ್ಲಿ, ಚಿನ್ನದ ಬಣ್ಣದ ಅಕ್ಷರಗಳಲ್ಲಿ. ಮ್ಯಾನೇಜರರು ಅದನ್ನು ನನ್ನ ಕೈಗಿಟ್ಟು, “ನಿನ್ನದೇ ಅಲ್ಲವಾ, ಮನೆಗೆ ಒಯ್ಯಿ” ಎಂದರು.

ಅವ್ವ ಸೆರಗಿನಿಂದ ಗಾಜು ಒರೆಸಿದಳು. “ನಿನ್ನ ಹೆಸರ ಎಲ್ಲೈತಿ, ತೋರಸು.”

ಸುಳ್ಳು ಹೇಳೋಣವೆನಿಸಿತು. ಅವಳಿಗೆ ಸಂತೋಷವಾಗಲಿ ಎಂದು ಅವನ ಹೆಸರಿನ ಮೇಲೆ ಬೆರಳಿಟ್ಟೆ.

ಅವ್ವ ಬಗ್ಗಿ ನೋಡಿದಳು. ನನ್ನ ಬೆರಳು ಸರಿಸಿ ಮೊದಲ ಅಕ್ಷರ ನೋಡಿದಳು. “ಇದು ಏಣಿ ಐತಿ” ಎಂದಳು. “ನಿಂದು ಹಾವು.”

ನಾನು ತಲೆ ತಗ್ಗಿಸಿದೆ. ಇಷ್ಟು ದಿನದ ಲಾಗಿನ್ನಿನ ಕಥೆಯನ್ನೆಲ್ಲ ಹೇಳಿದೆ. ಅವ್ವ ಚೌಕಟ್ಟನ್ನು ನೆಲದ ಮೇಲೆ ಬೋರಲು ಹಾಕಿದಳು.

“ಗೋದಾಮು ಮುಚ್ಚುಮುಂದ ಎಲ್ಲಾರಿಗೂ ಶಾಲು ಹೊಚ್ಚಿದ್ರು. ಆಕಿಗೆ ಯಾರು ಸುದ್ದಿ ಮುಟ್ಟಿಸಿದ್ರೋ ಏನೋ, ಗದಗಿಂದ ಹೊಸಾ ಸೀರಿ ಉಟಗೊಂಡು ಬಂದು ಶಾಲು ಹೊಚ್ಚಿಸಿಕೊಂಡ್ಳು. ನಾ ಕೆಳಗ ಕುಂತು ಚಪ್ಪಾಳಿ ಹೊಡದೆ. ಎಲ್ಲಾರಕಿಂತ ಜೋರ ನಾನ ಹೊಡದೆ” ಎಂದು ನಕ್ಕಳು. ಯಾವಾಗಲೂ ಈ ಕಥೆ ಹೇಳಿ ನಗುತ್ತಿದ್ದಳು. ಈ ಸಲ ನಗು ಅರ್ಧಕ್ಕೆ ನಿಂತಿತು. “ನಾ ಸುಮ್ಮನಿದ್ದೆ. ನೀ ಸುಮ್ಮನಿರಬ್ಯಾಡ. ಹೇಳೇನಿ ನೋಡ.”

ಮರುದಿನ ನಾನು ಕುರ್ಚಿಯಲ್ಲಿ ಕೂತೆ, ಲಾಗಿನ್ ಆಗಲಿಲ್ಲ. ಹತ್ತು ಗಂಟೆಗೆ ಮ್ಯಾನೇಜರರು ಬಂದು, ಹೊಸ ಗೇಟೊಂದನ್ನು ಸೇರಿಸಬೇಕು ಎಂದರು. “ಅವರು ದುಬೈಯಲ್ಲಿದ್ದಾರೆ ಸರ್. ಬಂದ ಮೇಲೆ ಮಾಡುತ್ತಾರೆ” ಎಂದೆ. ನಕ್ಕರು. ನಾನು ನಗಲಿಲ್ಲ. ಹನ್ನೊಂದಕ್ಕೆ ಅವರ ಬಾಗಿಲಲ್ಲಿ ನಿಂತು “ಜಾಲೆಂ?” ಎಂದೆ. ಹನ್ನೆರಡಕ್ಕೆ “ಜಾಲೆಂ?” ಎಂದೆ. ಊಟಕ್ಕೆ ಕೂತಾಗ ಕೂಡ ಎದುರು ನಿಂತು “ಜಾಲೆಂ?” ಎಂದೆ. ಅನ್ನದ ತುತ್ತು ಕೈಯಲ್ಲೇ ಉಳಿಯಿತು. “ಅರೆ ದೇವಾ!” ಎಂದು ಎಡಗೈಯಲ್ಲೇ ಪುಣೆಗೆ ಫೋನ್ ಹಚ್ಚಿದರು. ಅಲ್ಲಿಯವರಿಗೆ ಎಲ್ಲವನ್ನೂ ಹೇಳಿದರು, ಪಾಪ, ಏನೂ ಮುಚ್ಚಿಡದೆ. ಎಂಟು ತಿಂಗಳಿಂದ ಆಗದ ಕೆಲಸ ಒಂದು ತಟ್ಟೆ ಮೀನು-ಅನ್ನ ಆರುವಷ್ಟರಲ್ಲಿ ಆಯಿತು.

ನನ್ನ ಹೆಸರು ಟೈಪ್ ಮಾಡಿದೆ. ನನ್ನ ಹೆಸರಿನ ಸ್ಪೆಲ್ಲಿಂಗನ್ನೇ ಎರಡು ಸಲ ತಪ್ಪು ಹೊಡೆದೆ. ಮೂರನೆಯ ಸಲ ಒಳಗೆ ಹೋದೆ. ಪರದೆಯ ಮೇಲೆ ಮೊದಲು ನನ್ನ ಹೆಸರು, ಅದರ ಕೆಳಗೆ ಕೆಂಪು ಅಕ್ಷರಗಳಲ್ಲಿ ಒಂದು ಸಾಲು: ಈ ಬಳಕೆದಾರರಿಗೆ ಯಾವ ಅನುಮತಿಯೂ ಇಲ್ಲ. ಅನುಮತಿಗಳು ಸಂಜೆಯೊಳಗೆ ಒಂದೊಂದಾಗಿ ಬಂದವು. ಆದರೆ ನಾನು ಫೋಟೋ ತೆಗೆದಿದ್ದು ಆ ಮೊದಲ ಪರದೆಯದೇ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಫೋನ್ ಅವ್ವನ ಕೈಗೆ ಕೊಟ್ಟೆ. ಕೆಂಪು ಸಾಲಿನ ಕಡೆ ಅವಳು ನೋಡಲೂ ಇಲ್ಲ. ಮೇಲಿನ ಹೆಸರಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ದಬ್ಬಣ ಓಡಿಸುವವಳ ಹಾಗೆ ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆದಳು.

“ಹಾಂ, ಇದು” ಎಂದಳು. “ಇದು ನಾ ಹೊಲದಿದ್ದು.”